ಕಂಬದ ಕರೆಂಟ್ ಇಲ್ಲದ ಮಲೆನಾಡ ಮನೆ: ಜುಲೈ ತಿಂಗಳಿಗೆ ಲೆಕ್ಕ ಹಾಕುವುದು ಹೇಗೆ?

ಹಳ್ಳದಾಚೆ
ಹೊಸನಗರ ಕಡೆಯ ತೋಟದ ಮನೆಯೊಂದಕ್ಕೆ ಪೂರ್ತಿ ಸ್ವಂತ ವ್ಯವಸ್ಥೆ ಆಗಬೇಕಿದೆ. ವಿವರ ಇಷ್ಟು: 4 ಜನ, ಹೆಂಚಿನ ಮಾಡು 100 ಚದರ ಮೀಟರ್, ಒಂದು ಮಿಶ್ರತಳಿ ಹಸು, ಎರಡು ಮಲೆನಾಡು ಗಿಡ್ಡ. ಮನೆಯಿಂದ ಮೇಲಕ್ಕೆ ಒಂದು ಹಳ್ಳ ಇದೆ. ಪೈಪ್ ಎಳೆಯುವ ದಾರಿ 160 ಮೀಟರ್, ಎತ್ತರದ ವ್ಯತ್ಯಾಸ ಅಂದಾಜು 22 ಮೀಟರ್. ಡಿಸೆಂಬರ್ ಹೊತ್ತಿಗೆ ಹಳ್ಳ ಸಣ್ಣದಾಗುತ್ತದೆ, ಮಾರ್ಚ್‌ಗೆ ಬತ್ತುತ್ತದೆ. ದೀಪ, ಮೂರು ಫ್ಯಾನ್, ಸಣ್ಣ ಫ್ರಿಜ್, ಮಿಕ್ಸಿ, ರೂಟರ್, ಲ್ಯಾಪ್‌ಟಾಪ್, ಟಿವಿ ನಡೆಯಬೇಕು. ಅಂಗಡಿಯವರು 3 ಕಿಲೊವ್ಯಾಟ್ ಸೋಲಾರ್, ನಾಲ್ಕು ಬ್ಯಾಟರಿ ಎಂದು ಕೊಟೇಶನ್ ಕೊಟ್ಟಿದ್ದಾರೆ. ಇದು ಸಾಕೇ, ಹೆಚ್ಚೇ? ಅಡುಗೆ, ಕುಡಿಯುವ ನೀರಿನ ಬಗ್ಗೆಯೂ ತಿಳಿದವರು ಹೇಳಿ.

ತಂತಿಪೆಟ್ಟಿಗೆ
ಮೊದಲು ಖರ್ಚಿನ ಪಟ್ಟಿ ಮಾಡೋಣ, ಆಮೇಲೆ ಪ್ಯಾನೆಲ್. 9 ವ್ಯಾಟ್‌ನ 8 ದೀಪ 5 ಗಂಟೆ ಉರಿದರೆ 360 ವ್ಯಾಟ್-ಅವರ್. 30 ವ್ಯಾಟ್‌ನ ಮೂರು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟರಿನ) ಫ್ಯಾನ್ 8 ಗಂಟೆಗೆ 720. ಫ್ರಿಜ್ ಸುಮಾರು 700. ರೂಟರ್ ದಿನವಿಡೀ ಇಟ್ಟರೆ 240. ಲ್ಯಾಪ್‌ಟಾಪ್ 200, ಟಿವಿ 180, ಮಿಕ್ಸಿ 125. ಒಟ್ಟು ಎರಡೂವರೆ ಯೂನಿಟ್ (1,000 ವ್ಯಾಟ್-ಅವರ್ ಎಂದರೆ ಒಂದು ಯೂನಿಟ್). ಇದರ ಮೇಲೆ ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 20 ವ್ಯಾಟ್‌ನಷ್ಟು ತಿನ್ನುತ್ತದೆ. ದಿನಕ್ಕೆ ಅರ್ಧ ಯೂನಿಟ್ ಆಯಿತು. ಕೊಟೇಶನ್ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಲೆಕ್ಕ ಇದೇ. ಅಂದರೆ 3 ಯೂನಿಟ್ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ 1 ಕಿಲೊವ್ಯಾಟ್ ಪ್ಯಾನೆಲ್ ದಿನಕ್ಕೆ ನಾಲ್ಕೂವರೆ, ಐದು ಯೂನಿಟ್ ಕೊಡುತ್ತದೆ. ಜುಲೈನಲ್ಲಿ ನಿಮ್ಮ ಕಡೆ ಅದೇ ಪ್ಯಾನೆಲ್ ಸರಾಸರಿ ಒಂದೂವರೆಯಿಂದ ಎರಡು. ಜಡಿಮಳೆ ಹಿಡಿದರೆ ವಾರಗಟ್ಟಲೆ ಒಂದು ಯೂನಿಟ್ಟೂ ಇಲ್ಲ. 3 ಕಿಲೊವ್ಯಾಟ್ ಹಾಕಿದರೆ ಮಾರ್ಚ್‌ನಲ್ಲಿ 15 ಯೂನಿಟ್ ಹುಟ್ಟುತ್ತದೆ, ಬಳಸುವುದು 3. ಆಷಾಢದ ಜಡಿಮಳೆಯಲ್ಲಿ ಮಾತ್ರ ಅದೇ 3 ಕಿಲೊವ್ಯಾಟ್ ಮೂರು ಯೂನಿಟ್‌ಗೂ ಏದುಸಿರು ಬಿಡುತ್ತದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೇಲೆ ಹಳ್ಳ ಇರುವ ಮನೆಗೆ ಈ ಕೊಟೇಶನ್ ಸರಿಯಲ್ಲ. 1.1 ಕಿಲೊವ್ಯಾಟ್ ಸೋಲಾರ್ ಸಾಕು, ಉಳಿದ ದುಡ್ಡು ಹಳ್ಳದ ನೀರಿನಿಂದ ಕರೆಂಟ್ ಮಾಡುವ ಟರ್ಬೈನ್‌ಗೆ ಹಾಕಿ. ಬಿಸಿಲು ಕೈಕೊಡುವ ತಿಂಗಳುಗಳಲ್ಲೇ ಹಳ್ಳ ತುಂಬಿ ಹರಿಯುವುದು.

ಅಬ್ಬಿನೀರು
ತಂತಿಪೆಟ್ಟಿಗೆ ಹೇಳಿದ್ದು ಸರಿ. ಆದರೆ "ಅಂದಾಜು 22 ಮೀಟರ್" ಎಂಬುದರ ಮೇಲೆ ಟರ್ಬೈನ್ ಆರ್ಡರ್ ಮಾಡಬೇಡಿ. ಎರಡು ಅಳತೆ ಬೇಕು.

ಎತ್ತರ: ಹಳೆಯ ಅರ್ಧ ಇಂಚಿನ ಪೈಪ್ ಸುರುಳಿಗಳನ್ನು ಜೋಡಿಸಿ ಮೇಲಿಂದ ಕೆಳಗಿನವರೆಗೆ ನೀರು ತುಂಬಿಸಿ, ಗಾಳಿ ಪೂರ್ತಿ ಹೋದ ಮೇಲೆ ಕೆಳತುದಿಗೆ ಪ್ರೆಶರ್ ಗೇಜ್ ಹಾಕಿ. ನಲ್ಲಿ ಮುಚ್ಚಿದ ಸ್ಥಿತಿಯಲ್ಲಿ ಗೇಜ್ (ಚದರ ಸೆಂ.ಮೀ.ಗೆ) 1 ಕೆ.ಜಿ. ತೋರಿಸಿದರೆ 10 ಮೀಟರ್. 2.2 ಬಂದರೆ ನಿಮ್ಮ 22 ಸರಿ. ಮೊಬೈಲ್‌ನ ಎತ್ತರ ತೋರಿಸುವ ಆ್ಯಪ್ ನಂಬಬೇಡಿ.

ಹರಿವು: ಹಳ್ಳಕ್ಕೆ ಮಣ್ಣು-ಕಲ್ಲಿನ ಸಣ್ಣ ಕಟ್ಟ ಹಾಕಿ, ನೀರೆಲ್ಲ ಒಂದು ಅಡಿಕೆ ದಬ್ಬೆಯಲ್ಲೋ ಪೈಪ್‌ನಲ್ಲೋ ಬೀಳುವಂತೆ ಮಾಡಿ 20 ಲೀಟರ್ ಬಕೆಟ್ ಇಡಿ. 5 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 4 ಲೀಟರ್. ಜೂನ್ ಕೊನೆ, ಆಗಸ್ಟ್, ಅಕ್ಟೋಬರ್, ಡಿಸೆಂಬರ್, ಹೀಗೆ ನಾಲ್ಕು ಸಲ ಅಳೆದು ಬರೆದಿಡಿ. ಹಳ್ಳದ ನೀರನ್ನೆಲ್ಲ ಪೈಪಿಗೆ ತಿರುಗಿಸುವಂತಿಲ್ಲ, ಕೆಳಗಿನವರಿಗೂ ಮೀನು-ಏಡಿಗೂ ಹರಿವು ಉಳಿಯಬೇಕು.

ಸಣ್ಣ ಟರ್ಬೈನ್‌ಗೆ ಸುಲಭ ಸೂತ್ರ: ಸೆಕೆಂಡಿಗೆ ಎಷ್ಟು ಲೀಟರ್ × ಎಷ್ಟು ಮೀಟರ್ ಎತ್ತರ × 5 = ಸಿಗುವ ವ್ಯಾಟ್. ಎತ್ತರ ಎಂದರೆ ಪೈಪ್‌ನ ಘರ್ಷಣೆ ಕಳೆದು ಉಳಿದದ್ದು. ದುಡ್ಡು ಉಳಿಸುವ ಆಸೆಗೆ ಹೆಚ್ಚಿನವರು ಎಡವುವುದು ಇಲ್ಲೇ. ಸೆಕೆಂಡಿಗೆ 4 ಲೀಟರ್ ನೀರು 63 ಮಿ.ಮೀ. ಪೈಪ್‌ನಲ್ಲಿ 160 ಮೀಟರ್ ಬಂದರೆ ಸುಮಾರು 6.5 ಮೀಟರ್ ಎತ್ತರ ಪೈಪೇ ನುಂಗುತ್ತದೆ, ಕೈಗೆ ಸಿಗುವುದು 310 ವ್ಯಾಟ್. 90 ಮಿ.ಮೀ. ಪೈಪ್ ಆದರೆ ನಷ್ಟ ಬೆಂಡ್‌ಗಳೂ ಸೇರಿ ಒಂದೂವರೆ ಮೀಟರ್, ಸಿಗುವುದು 410 ವ್ಯಾಟ್. ವ್ಯತ್ಯಾಸ ಬರೀ 100 ವ್ಯಾಟ್ ಅನ್ನಿಸಬಹುದು, ಆದರೆ ಟರ್ಬೈನ್ ರಾತ್ರಿಯೂ ತಿರುಗುತ್ತದೆ. ದಿನಕ್ಕೆ ಸುಮಾರು ಎರಡೂವರೆ ಯೂನಿಟ್, ನಿಮ್ಮ ಮನೆಯ ಖರ್ಚಿನ ಹತ್ತಿರ ಹತ್ತಿರ.

410 ವ್ಯಾಟ್ × 24 ಗಂಟೆ ಸುಮಾರು 9.8 ಯೂನಿಟ್. ಡಿಸೆಂಬರ್‌ನಲ್ಲಿ ಸೆಕೆಂಡಿಗೆ 1 ಲೀಟರ್‌ಗೆ ಇಳಿದರೂ 105 ವ್ಯಾಟ್, ಅಂದರೆ ದಿನಕ್ಕೆ ಎರಡೂವರೆ ಯೂನಿಟ್. ಆ ಹೊತ್ತಿಗೆ ಬಿಸಿಲು ಬಂದಿರುತ್ತದೆ.

ಹಳ್ಳದಾಚೆ
ಅಬ್ಬಿನೀರು ಅಣ್ಣ, ಟರ್ಬೈನ್ ಯಾವುದು ತಗೊಳ್ಳಬೇಕು? ಮತ್ತೆ ನೀರು ಕಡಿಮೆಯಾದಾಗ ಅದೇ ಟರ್ಬೈನ್ ನಡೆಯುತ್ತದಾ?

ಅಬ್ಬಿನೀರು
20 ಮೀಟರ್ ಎತ್ತರಕ್ಕೆ ಪೆಲ್ಟನ್ ಚಕ್ರ (ರಭಸದ ನೀರಿನ ಜೆಟ್ ಬಡಿದು ತಿರುಗುವ ಬಟ್ಟಲುಗಳ ಚಕ್ರ) ಸಾಕು. ಎರಡು ಜೆಟ್ ಇರುವುದನ್ನೇ ಕೇಳಿ. ಸೆಕೆಂಡಿಗೆ 4 ಲೀಟರ್‌ಗೆ ಒಂದೇ ಜೆಟ್ ಆದರೆ ಬಾಯಿ ಸುಮಾರು 16 ಮಿ.ಮೀ. ಬೇಕು, ಎರಡಾದರೆ ಒಂದೊಂದು 11.5 ಮಿ.ಮೀ. ಹರಿವು ಅರ್ಧಕ್ಕಿಳಿದಾಗ ಒಂದು ವಾಲ್ವ್ ಮುಚ್ಚಿದರೆ ಆಯಿತು. ಇನ್ನೂ ಇಳಿದರೆ 8 ಮಿ.ಮೀ. ನಾಝಲ್ ತಿರುಗಿಸಿ ಕೂರಿಸಿ. ದೊಡ್ಡ ಜೆಟ್ ಇಟ್ಟು ಕಡಿಮೆ ನೀರು ಬಿಟ್ಟರೆ ಪೈಪ್ ಪೂರ್ತಿ ತುಂಬುವುದೇ ಇಲ್ಲ, ಒತ್ತಡ ಬಿದ್ದುಹೋಗಿ ಚಕ್ರ ಸುಮ್ಮನೆ ನೆನೆಯುತ್ತದೆ.

ನೀರು ಒಳಗೆ ಹೋಗುವ ಜಾಗವೇ ಮಳೆಗಾಲದ ದೊಡ್ಡ ತಲೆನೋವು. ಎಲೆ, ಕಸ, ಮರಳು. ಜಾಲರಿಯನ್ನು ನೆಟ್ಟಗೆ ನಿಲ್ಲಿಸಬೇಡಿ. ಹಳ್ಳದ ಹರಿವಿನ ದಿಕ್ಕಿಗೆ ಇಳಿಜಾರಾಗಿ ಮಲಗಿಸಿ, ನೀರು ಅದರ ಮೇಲೆ ಹರಿಯುತ್ತ ಕೆಳಗಿನ ತೊಟ್ಟಿಗೆ ಬೀಳಲಿ, ಎಲೆ ತಾನಾಗಿ ಮುಂದೆ ಜಾರಿ ಹೋಗುತ್ತದೆ. ತೊಟ್ಟಿಯಲ್ಲಿ ಪೈಪ್ ಬಾಯಿ ತಳದಿಂದ ಒಂದು ಅಡಿ ಮೇಲಿರಲಿ, ಮರಳು ಕೆಳಗೆ ಕೂರುತ್ತದೆ. ನೀರಿನ ಮೇಲ್ಮಟ್ಟಕ್ಕಿಂತಲೂ ಒಂದು ಅಡಿ ಒಳಗಿರಲಿ, ಇಲ್ಲದಿದ್ದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಪೈಪ್ ದಾರಿಯಲ್ಲಿ ಎಲ್ಲಾದರೂ ಏರಿ ಇಳಿಯುವ ಗೂನು ಇದ್ದರೆ ಅಲ್ಲಿ ಟಿ ಹಾಕಿ ಗಾಳಿ ಹೋಗಲು ವಾಲ್ವ್ ಕೊಡಿ. ಪೈಪ್ ಕಪ್ಪು ಎಚ್‌ಡಿಪಿಇ ಆಗಲಿ. ಬಿಳಿ ಪಿವಿಸಿ ಬಿಸಿಲಿಗೆ ಎರಡು-ಮೂರು ವರ್ಷಕ್ಕೆ ಗರಿಗರಿಯಾಗಿ ಕೊಂಬೆ ಬಿದ್ದರೆ ಒಡೆಯುತ್ತದೆ. ದಾರಿ ಅರಣ್ಯ ಜಾಗದಲ್ಲಿ ಹೋಗುವುದಾದರೆ ಅಗೆಯುವ ಮೊದಲು ಇಲಾಖೆಯಲ್ಲಿ ಕೇಳಿ.

ತಂತಿಪೆಟ್ಟಿಗೆ
ಕರೆಂಟ್ ಮನೆಗೆ ತರುವ ಬಗ್ಗೆ ಒಂದು ಮಾತು. ಟರ್ಬೈನ್ ಹತ್ತಿರವೇ 24 ವೋಲ್ಟ್ ಡಿಸಿ ಮಾಡಿ ತಂತಿಯಲ್ಲಿ ತರುತ್ತೇನೆ ಎಂದು ಹೊರಡಬೇಡಿ. ಜಾಗ ಸಿಗದೆ ಟರ್ಬೈನ್ ಮನೆಯಿಂದ 160 ಮೀಟರ್ ದೂರ ಕೂತಿತು ಅಂದುಕೊಳ್ಳಿ. 410 ವ್ಯಾಟ್ ಎಂದರೆ 24 ವೋಲ್ಟ್‌ನಲ್ಲಿ 17 ಆಂಪಿಯರ್. ಹೋಗಿ ಬರುವ ತಂತಿ 320 ಮೀಟರ್. 4 ಚದರ ಮಿ.ಮೀ. ತಾಮ್ರದ ತಂತಿಯಾದರೂ ಸುಮಾರು ಒಂದೂವರೆ ಓಮ್. ಗುಣಿಸಿ ನೋಡಿ: 25 ವೋಲ್ಟ್ ದಾರಿಯಲ್ಲೇ ಮುಗಿಯಿತು. ಅದೇ 230 ವೋಲ್ಟ್ ಎಸಿ ಆದರೆ 1.8 ಆಂಪಿಯರ್, ನಷ್ಟ ಮೂರು ವೋಲ್ಟ್‌ನ ಒಳಗೆ. ಆದ್ದರಿಂದ ಎಸಿಯಲ್ಲೇ ತನ್ನಿ, ಮನೆಯಲ್ಲಿ 24 ವೋಲ್ಟ್‌ನ 10-15 ಆಂಪಿಯರ್ ಚಾರ್ಜರ್ ಮೂಲಕ ಬ್ಯಾಟರಿಗೆ ಕೊಡಿ. ಇನ್ವರ್ಟರ್‌ನ ಮೈನ್ಸ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಫ್ರೀಕ್ವೆನ್ಸಿ ಸ್ವಲ್ಪ ಏರುಪೇರಾದರೂ ಬಹಳ ಇನ್ವರ್ಟರ್‌ಗಳು ಒಪ್ಪುವುದಿಲ್ಲ.

ಕೆಸುವಿನೆಲೆ
ಉಳಿದ ಕರೆಂಟ್ ಏನಾಗುತ್ತದೆ? ಬ್ಯಾಟರಿ ತುಂಬಿದ ಮೇಲೂ ಚಕ್ರ ತಿರುಗುತ್ತಲೇ ಇರುತ್ತದಲ್ಲ.

ಅಬ್ಬಿನೀರು
ಒಳ್ಳೆಯ ಪ್ರಶ್ನೆ ಅಕ್ಕ. ಸೋಲಾರ್ ಪ್ಯಾನೆಲ್‌ನ ಹೊರೆ ತಪ್ಪಿದರೆ ಪ್ಯಾನೆಲ್‌ಗೆ ಏನೂ ಆಗುವುದಿಲ್ಲ. ಟರ್ಬೈನ್‌ನ ಹೊರೆ ತಪ್ಪಿದರೆ ಚಕ್ರ ಹುಚ್ಚು ವೇಗಕ್ಕೆ ಹೋಗುತ್ತದೆ, ವೋಲ್ಟೇಜ್ ಏರಿ ಕೂಡಿಸಿದ ವಸ್ತುಗಳು ಸುಡುತ್ತವೆ, ಬೇರಿಂಗ್ ಹೋಗುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್. ಮನೆ ಬಳಸದೆ ಬಿಟ್ಟ ಕರೆಂಟನ್ನೆಲ್ಲ ಅದು ಒಂದು ನೀರು ಕಾಯಿಸುವ ಎಲಿಮೆಂಟ್‌ಗೆ ತಿರುಗಿಸುತ್ತದೆ. 50 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಬೇಕಾದದ್ದು ಒಂದೂವರೆ ಯೂನಿಟ್, 410 ವ್ಯಾಟ್‌ಗೆ ಮೂರೂವರೆ ಗಂಟೆಯ ಕೆಲಸ. ಮಳೆಗಾಲದ ಸ್ನಾನದ ನೀರು ಪುಕ್ಕಟೆ.

ಎಚ್ಚರಿಕೆ ಮೂರು. ಎಲಿಮೆಂಟ್ ಟರ್ಬೈನ್‌ನ ಪೂರ್ತಿ ಶಕ್ತಿಗಿಂತ ಹೆಚ್ಚಿನದಿರಲಿ. 600 ವ್ಯಾಟ್ ಬೇಕೆಂದರೆ 300ರ ಎರಡನ್ನು ಪ್ಯಾರಲಲ್ ಆಗಿ ಹಾಕಿ, ಒಂದು ಸುಟ್ಟರೂ ಇನ್ನೊಂದು ಹೊರೆಯ ಬಹುಪಾಲು ಹಿಡಿದಿರುತ್ತದೆ. ನೀರು ತೆಗೆದರೂ ಎಲಿಮೆಂಟ್ ಬರಿದಾಗದಂತೆ ಹೊರಗಿನ ನಲ್ಲಿ ಮೇಲ್ಭಾಗದಲ್ಲಿರಲಿ, ತಣ್ಣೀರು ತಳದಿಂದ ಬರಲಿ. ಹಳೆಯ ತಾಮ್ರದ ಹಂಡೆಗೆ ಎಲಿಮೆಂಟ್ ಇಳಿಬಿಟ್ಟು ಕೈ ಹಾಕಿ ನೀರು ತೋಡುವ ಪದ್ಧತಿ ಬೇಡವೇ ಬೇಡ. ಬೇರೆ ಸ್ಟೀಲ್ ಟ್ಯಾಂಕ್, ಅದಕ್ಕೆ ಅರ್ಥಿಂಗ್.

ಬಯಲುಸೀಮೆ
ಇಷ್ಟೆಲ್ಲ ನೀರಿದ್ದವರ ಮಾತಾಯಿತು. ಸೋಲಾರ್ ಬ್ಯಾಟರಿ ಲಿಥಿಯಂ ತಗೊಳ್ಳಬೇಕೋ ಮಾಮೂಲಿ ಲೆಡ್-ಆಸಿಡ್ ಟ್ಯೂಬ್ಯುಲರ್ ಸಾಕೋ? ಅಗ್ಗ ಎಂದರೆ ಟ್ಯೂಬ್ಯುಲರ್ ಅಲ್ಲವೇ?

ತಂತಿಪೆಟ್ಟಿಗೆ
ಬಯಲುಸೀಮೆಯಲ್ಲಿ ಟ್ಯೂಬ್ಯುಲರ್ ಚೆನ್ನಾಗಿ ಬಾಳುತ್ತದೆ, ದಿನಾ ತುಂಬುತ್ತದೆ. ಮಲೆನಾಡಿನಲ್ಲಿ ಬರೀ ಸೋಲಾರ್‌ಗೆ ಸಿಕ್ಕಿಸಿದ ಟ್ಯೂಬ್ಯುಲರ್ ಸಾಯುವುದು ಜೂನ್-ಆಗಸ್ಟ್‌ನಲ್ಲಿ. ವಾರಗಟ್ಟಲೆ ಅರೆಬರೆ ಚಾರ್ಜ್‌ನಲ್ಲೇ ನಿಂತರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಮಳೆಗಾಲ ಮುಗಿಯುವಾಗ 150 ಆಂಪಿಯರ್-ಅವರ್ ಬ್ಯಾಟರಿ 90ರ ಹಾಗೆ ನಡೆದುಕೊಳ್ಳುತ್ತದೆ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟುಕೊಂಡು ತಿಂಗಳಿಗೊಮ್ಮೆ ನೋಡಿ: ತುಂಬಿದಾಗ 1.240ರ ಆಸುಪಾಸು, 1.180ಕ್ಕಿಂತ ಕೆಳಗೆ ಬಿಡಬಾರದು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.030 ಕಡಿಮೆ ತೋರಿಸಿದರೆ ಅದು ಕೆಡುತ್ತಿದೆ ಎಂದರ್ಥ.

ಎರಡು 150ರ ಬ್ಯಾಟರಿ 24 ವೋಲ್ಟ್‌ಗೆ 3.6 ಯೂನಿಟ್ ಎಂದು ಬರೆದಿರುತ್ತಾರೆ. ಆಯಸ್ಸು ಉಳಿಯಬೇಕಾದರೆ ಅರ್ಧ, 1.8 ಬಳಸಿ. 24 ವೋಲ್ಟ್ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ 2.56 ಯೂನಿಟ್, ಅದರಲ್ಲಿ 2.2 ಧೈರ್ಯವಾಗಿ ಬಳಸಬಹುದು, ಅರ್ಧ ಚಾರ್ಜ್‌ನಲ್ಲಿ ನಿಂತರೂ ಬೇಸರವಿಲ್ಲ. ಇನ್ನೊಂದು ಕಾರಣ: 1.1 ಕಿಲೊವ್ಯಾಟ್ ಪ್ಯಾನೆಲ್ ಬಿಸಿಲಲ್ಲಿ 40 ಆಂಪಿಯರ್ ತಳ್ಳುತ್ತದೆ. 150ರ ಟ್ಯೂಬ್ಯುಲರ್‌ಗೆ 20-22 ಆಂಪಿಯರ್‌ಗೆ ಮಿತಿ ಹಾಕಬೇಕು, ಲಿಥಿಯಂಗೆ ಆ ತೊಂದರೆ ಕಡಿಮೆ. ಲಿಥಿಯಂ ಹಾಕಿದರೆ ಚಾರ್ಜ್ ವೋಲ್ಟೇಜ್ 28.4 ದಾಟದಂತೆ ಹೊಂದಿಸಿ, ಈಕ್ವಲೈಸ್ (ಲೆಡ್-ಆಸಿಡ್‌ಗೆ ಆಗಾಗ ಹೆಚ್ಚು ವೋಲ್ಟೇಜ್ ಕೊಡುವ) ಆಯ್ಕೆ ಪೂರ್ತಿ ಆಫ್ ಮಾಡಿ. ಟ್ಯೂಬ್ಯುಲರ್‌ಗೆಂದು ಇಟ್ಟ ಸೆಟ್ಟಿಂಗ್‌ನಲ್ಲೇ ಲಿಥಿಯಂ ಕೂಡಿಸುವವರು ಈಗಲೂ ಇದ್ದಾರೆ.

ಪ್ಯಾನೆಲ್: 540-550 ವ್ಯಾಟ್‌ನ ಎರಡು, ಸೀರೀಸ್‌ನಲ್ಲಿ. ಓಪನ್ ವೋಲ್ಟೇಜ್ ಸುಮಾರು 100, ಆದ್ದರಿಂದ 150 ವೋಲ್ಟ್ ತಡೆಯುವ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಗರಿಷ್ಠ ಶಕ್ತಿ ತೆಗೆದು ಬ್ಯಾಟರಿಗೆ ಕೊಡುವ ಪೆಟ್ಟಿಗೆ). ದಕ್ಷಿಣಕ್ಕೆ ಮುಖ, ಇಳಿಜಾರು 15 ಡಿಗ್ರಿಗಿಂತ ಕಡಿಮೆ ಬೇಡ. ತೀರಾ ಮಟ್ಟಸವಾಗಿಟ್ಟರೆ ಕೆಳ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟಿ ಆ ಸಾಲಿನ ಸೆಲ್‌ಗಳು ಕತ್ತಲಾಗುತ್ತವೆ. ಒಂದೇ ಒಂದು ಅಡಿಕೆ ಮರದ ನೆರಳು ಸೀರೀಸ್‌ನ ಉತ್ಪಾದನೆಯನ್ನು ಎಷ್ಟೋ ಇಳಿಸುತ್ತದೆ. ಅಂಗಳದ ಚಪ್ಪರ, ತೋಟದ ಅಂಚು ಎರಡನ್ನೂ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೋಡಿ ಜಾಗ ಆರಿಸಿ.

ಬಯಲುಸೀಮೆ
ಪ್ಯಾನೆಲ್ ಕಡೆಗೆ ಮನೆಯಲ್ಲಿರುವ ಸಾಮಾನ್ಯ ಎಂಸಿಬಿ (ತಾನಾಗಿ ಟ್ರಿಪ್ ಆಗುವ ಸ್ವಿಚ್) ಹಾಕಿದರೆ ನಡೆಯುತ್ತದೆ ತಾನೆ?

ತಂತಿಪೆಟ್ಟಿಗೆ
ನಡೆಯುವುದಿಲ್ಲ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಎಂಸಿಬಿಯೊಳಗಿನ ಕಿಡಿ ತಾನಾಗಿ ಆರುತ್ತದೆ. ಡಿಸಿ ಸೊನ್ನೆ ಮುಟ್ಟುವುದೇ ಇಲ್ಲ, ಕಿಡಿ ನಿಂತು ಉರಿದು ಪೆಟ್ಟಿಗೆ ಕರಗುತ್ತದೆ. ಡಿಸಿ ಎಂಸಿಬಿಯೇ ಬೇಕು, ಅದರ ಪ್ಲಸ್-ಮೈನಸ್ ಗುರುತು ನೋಡಿ ಕೂಡಿಸಬೇಕು. ಬ್ಯಾಟರಿ ತುದಿಗೆ ಒಂದು ಅಡಿಯೊಳಗೆ ಫ್ಯೂಸ್. ಸಿಡಿಲು ನಿಮ್ಮ ಕಡೆ ಹೆಚ್ಚು, ಪ್ಯಾನೆಲ್ ಸ್ಟ್ಯಾಂಡ್‌ಗೂ ಟರ್ಬೈನ್‌ಗೂ ಅರ್ಥಿಂಗ್, ಎರಡೂ ತಂತಿ ಮನೆಯೊಳಗೆ ಬರುವಲ್ಲಿ ಸಿಡಿಲಿಗೆ ಏರುವ ವೋಲ್ಟೇಜ್ ತಡೆಯುವ ಸರ್ಜ್ ಅರೆಸ್ಟರ್.

ಕೊಟ್ಟಿಗೆಬಾಗಿಲು
ಅಡುಗೆಗೆ ಬರೋಣ. ಇಂಡಕ್ಷನ್ ಒಲೆ ಈ ವ್ಯವಸ್ಥೆಯಲ್ಲಿ ಆಗದು. ಗೋಬರ್ ಗ್ಯಾಸ್ ಆಗುತ್ತದೆ, ಆದರೆ ಗಾತ್ರ ನಿರ್ಧರಿಸುವುದು ಸಗಣಿ. ಗಿಡ್ಡ ತಳಿಯ ಸಗಣಿ ಮಿಶ್ರತಳಿಯ ಅರ್ಧವೂ ಇರುವುದಿಲ್ಲ, ಮೇಯಲು ಬಿಟ್ಟರೆ ಕೊಟ್ಟಿಗೆಯಲ್ಲಿ ಸಿಗುವುದು ಇನ್ನೂ ಕಡಿಮೆ. ಒಂದು ವಾರ ಬುಟ್ಟಿ ತೂಗಿ ಸರಾಸರಿ ತೆಗೆಯಿರಿ. 1 ಕಿಲೊ ಸಗಣಿಗೆ ಸುಮಾರು 40 ಲೀಟರ್ ಅನಿಲ. 25 ಕಿಲೊ ಸಿಕ್ಕರೆ 1 ಘನ ಮೀಟರ್, ಅಂದರೆ ಒಂದು ಸಾಮಾನ್ಯ ಬರ್ನರ್ ಎರಡು ಗಂಟೆ ಚಿಲ್ಲರೆ ಉರಿಯುತ್ತದೆ. 4 ಜನರ ಅಡುಗೆಗೆ ತಕ್ಕಷ್ಟು. 1 ಘನ ಮೀಟರ್‌ನ ದೀನಬಂಧು ಮಾದರಿ (ನೆಲದೊಳಗಿನ ಗುಮ್ಮಟದ ಗುಂಡಿ) ಕಟ್ಟಿಸಿ. "ಮುಂದೆ ಹಸು ಹೆಚ್ಚಿಸುತ್ತೇವೆ" ಎಂದು 3 ಘನ ಮೀಟರ್ ಕಟ್ಟಿಸಿದ ಎಷ್ಟೋ ಗುಂಡಿಗಳು ಸಗಣಿ ಸಾಲದೆ ಮುಚ್ಚಿವೆ.

ಮೊದಲ ತುಂಬುವಿಕೆಗೆ ಸುಮಾರು 1 ಟನ್ ಸಗಣಿ, ಅಷ್ಟೇ ನೀರು ಬೇಕು. ಊರವರಿಂದ ಮೊದಲೇ ಕೇಳಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ತುಂಬಿದರೆ ಸೆಕೆಗೆ ಬೇಗ ಹಿಡಿಯುತ್ತದೆ, ಜುಲೈನಲ್ಲಿ ತುಂಬಿದರೆ ವಾರಗಟ್ಟಲೆ ಕಾಯಬೇಕು. ಮೊದಲು ಬರುವ ಅನಿಲದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚು, ಹತ್ತುವುದಿಲ್ಲ. ಬೆಂಕಿ, ಬೀಡಿ ಹತ್ತಿರವಿಲ್ಲದಂತೆ ನೋಡಿಕೊಂಡು ಹೊರಗೆ ಬಿಟ್ಟುಬಿಡಿ. ಆಮೇಲೆ ದಿನಾ 25 ಕಿಲೊಗೆ 25 ಲೀಟರ್ ನೀರು, ಹುಲ್ಲಿನ ಕಡ್ಡಿ, ಮರಳು ತೆಗೆದು ಕಲಸಿ ಬಿಡಿ. ಫಿನಾಯಿಲ್ ಹಾಕಿ ತೊಳೆದ ಕೊಟ್ಟಿಗೆ ನೀರು ಒಳಗೆ ಹೋದರೆ ಅನಿಲ ನಿಲ್ಲುತ್ತದೆ.

ಮಳೆಗಾಲದಲ್ಲಿ ಅನಿಲ ಕಡಿಮೆಯಾಗಲು ಎರಡು ಕಾರಣ: ತಣ್ಣಗಾಗುವುದು, ಮಳೆನೀರು ಸೇರಿ ತೆಳುವಾಗುವುದು. ಗುಮ್ಮಟದ ಮೇಲೆ ಎರಡಡಿ ಮಣ್ಣು ಇರಲಿ, ಒಳಬಾಯಿ-ಹೊರಬಾಯಿಗೆ ಮಾಡು ಬೇಕು, ಸುತ್ತ ಚರಂಡಿ ತೋಡಿ. ಟರ್ಬೈನ್‌ನ ಬಿಸಿನೀರು ಉಳಿದರೆ ಸಗಣಿ ಕಲಸಲು ಬಳಸಿ, ಉಗುರು ಬೆಚ್ಚಗೆ ಸಾಕು. ಪೈಪ್‌ನ ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯುವ ನಲ್ಲಿ ಇಡಿ. ಒಲೆ ಜ್ವಾಲೆ ಕುಣಿದರೆ ಪೈಪ್‌ನಲ್ಲಿ ನೀರು ನಿಂತಿದೆ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿ, ಬೆಂಕಿಕಡ್ಡಿ ಗೀರಿ ಅಲ್ಲ. ಎಲ್‌ಪಿಜಿ ಬರ್ನರ್ ಹಾಗೇ ನಡೆಯದು, ಜೆಟ್ ತೂತು ದೊಡ್ಡದಿರುವ ಗೋಬರ್ ಗ್ಯಾಸ್ ಒಲೆಯೇ ಬೇಕು.

ಆಪತ್ತಿಗೆ ಕಟ್ಟಿಗೆ ಒಲೆಯೂ ಇರಲಿ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಘಟಕ ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ ಚಿಮಣಿ ಸಮೇತ ಕಟ್ಟಿಸಿದರೆ ಹೊಗೆ ಮನೆಯೊಳಗಿರುವುದಿಲ್ಲ. ಕಟ್ಟಿಗೆ ಫೆಬ್ರವರಿಯೊಳಗೆ ಸೀಳಿ ಒಟ್ಟಿದ್ದರೆ ಮಾತ್ರ. ಹಸಿ ಕಟ್ಟಿಗೆ ಯಾವ ಒಲೆಯಲ್ಲೂ ಹೊಗೆಯೇ.

ಹೆಂಚು_ಹನಿ
ಹಳ್ಳ ಮಾರ್ಚ್‌ಗೆ ಬತ್ತುವುದಾದರೆ ಕರೆಂಟ್‌ನ ಕಷ್ಟದ ತಿಂಗಳು ಜುಲೈ, ನೀರಿನ ಕಷ್ಟದ ತಿಂಗಳು ಏಪ್ರಿಲ್-ಮೇ. ಕುಡಿಯಲು, ಅಡುಗೆಗೆ 4 ಜನರಿಗೆ ದಿನಕ್ಕೆ 40 ಲೀಟರ್ ಹಿಡಿಯಿರಿ. ಜನವರಿಯಿಂದ ಮೇ ಕೊನೆವರೆಗೆ 150 ದಿನ, 6,000 ಲೀಟರ್. 10,000 ಲೀಟರ್ ಫೆರೊಸಿಮೆಂಟ್ ಟ್ಯಾಂಕ್ ಕಟ್ಟಿದರೆ ಧಾರಾಳ: ವ್ಯಾಸ 2.5 ಮೀಟರ್, ನೀರಿನ ಎತ್ತರ 2 ಮೀಟರ್ ಚಿಲ್ಲರೆ. ಗೋಡೆ 4-5 ಸೆಂ.ಮೀ., ಕೋಳಿ ಬಲೆ ಎರಡು ಪದರ, ಸಿಮೆಂಟ್-ಮರಳು 1:3. ಎರಡು ವಾರ ಗೋಣಿ ಹೊದಿಸಿ ನೀರುಣಿಸಬೇಕು. ಬೇಗ ಒಣಗಿದರೆ ಕೂದಲೆಳೆ ಬಿರುಕು ಬರುವುದು ಖಂಡಿತ.

1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. ಹೆಂಚು ಹೀರಿ, ಸಿಡಿದು ಹೋದದ್ದು ಕಳೆದು 0.8 ಹಿಡಿದರೆ ನಿಮ್ಮ ಮಾಡಿನಿಂದ 1 ಮಿ.ಮೀ.ಗೆ 80 ಲೀಟರ್. ಟ್ಯಾಂಕ್ ತುಂಬಲು 125 ಮಿ.ಮೀ. ಸಾಕು, ನಿಮ್ಮ ಕಡೆ ಅದು ಆಷಾಢದ ಒಂದೆರಡು ದಿನದ ಮಾತು. ಆದ್ದರಿಂದ ಅವಸರ ಬೇಡ. ಜೂನ್‌ನ ಹಕ್ಕಿ ಹಿಕ್ಕೆ, ಎಲೆಯ ನೀರು ತೋಟಕ್ಕೆ ಹೋಗಲಿ. ಮಾಡು ಚೆನ್ನಾಗಿ ತೊಳೆದ ಮೇಲೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹಿಡಿಯಿರಿ. ಪ್ರತಿ ಬಾರಿ ಮೊದಲ 200 ಲೀಟರ್ ಹೊರಗೆ ಬಿಡಿ. ಟ್ಯಾಂಕ್‌ಗೆ ಬೆಳಕು, ಸೊಳ್ಳೆ ಎರಡೂ ಹೋಗಬಾರದು.

ಕುಡಿಯುವ ಮುಂಚೆ ಕುದಿಸಿ. ಇಡೀ ಟ್ಯಾಂಕ್ ಶುದ್ಧ ಮಾಡಬೇಕಾದರೆ 1,000 ಲೀಟರ್‌ಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರ್, ಬಕೆಟ್‌ನಲ್ಲಿ ಕಲಸಿ ತಿಳಿನೀರು ಮಾತ್ರ ಸುರಿದು ಒಂದು ಗಂಟೆ ಬಿಡಿ. ಚೀಲ ತೆರೆದಿಟ್ಟ ಹಳೆ ಪೌಡರ್‌ನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಪಾಯಿಖಾನೆ ಗುಂಡಿ ಬಾವಿಗಿಂತ ಕೆಳಗಡೆ, ಕನಿಷ್ಠ 15 ಮೀಟರ್ ದೂರ. ಅವಳಿ ಗುಂಡಿ ಮಾಡಿ, ಒಂದು ತುಂಬಿದ ಮೇಲೆ ಎರಡು ವರ್ಷ ಮುಚ್ಚಿಟ್ಟೇ ಗೊಬ್ಬರ ತೆಗೆಯಿರಿ.

ಕೆಸುವಿನೆಲೆ
ಊಟದ ವಿಷಯ ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ತರಕಾರಿ ಪಾತಿ ಕೊಳೆಯುತ್ತದೆ, ಆಗ ಅಡುಗೆಮನೆ ನಡೆಸುವುದು ಕೆಸು, ಕಳಲೆ, ಬಸಳೆ, ಬೇಸಿಗೆಯ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ). ಮೊಗೆಕಾಯಿ (ಮಂಗಳೂರು ಸೌತೆ) ತೊಟ್ಟು ಸಮೇತ ಕೊಯ್ದು, ಒಂದಕ್ಕೊಂದು ತಾಗದಂತೆ ಬಾಳೆನಾರಿನಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟದ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತಾಗಿದ ಜಾಗದಲ್ಲೇ ಕೊಳೆ ಶುರುವಾಗುವುದು. ಹೀಗೆ ಮಾಡಿಕೊಂಡರೆ ಫ್ರಿಜ್ ಮಳೆಗಾಲದಲ್ಲಿ ಆಫ್ ಮಾಡಿದರೂ ನಡೆಯುತ್ತದೆ.

ಆರೋಗ್ಯದ್ದೂ ಒಂದು ಮಾತು. ನಿಮ್ಮದು ಮಂಗನ ಕಾಯಿಲೆಯ ಸೀಮೆ; 1957ರಲ್ಲಿ ಅದು ಮೊದಲು ಗುರುತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಹರಡುವ ಉಣುಗಿನ ಕಾಟ ಜಾಸ್ತಿ, ನಾವು ಕೊಟ್ಟಿಗೆಗೆ ದರಕು (ಕಾಡಿನ ಒಣ ಎಲೆ) ತರುವುದೂ ಅದೇ ತಿಂಗಳಲ್ಲಿ. ಪೂರ್ತಿ ಮೈ ಮುಚ್ಚುವ ಬಟ್ಟೆ, ಬಂದ ಕೂಡಲೆ ಬಿಸಿನೀರಿನ ಸ್ನಾನ, ಬಟ್ಟೆ ಕುದಿಯುವ ನೀರಿಗೆ. ದನಗಳ ಮೈಯ ಉಣುಗನ್ನೂ ನೋಡುತ್ತಿರಿ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ, ವಿಪರೀತ ತಲೆನೋವು ಬಂದರೆ ಕಷಾಯದಲ್ಲಿ ದಿನ ಕಳೆಯಬೇಡಿ.

ಹಳ್ಳದಾಚೆ
ಎಲ್ಲರಿಗೂ ಧನ್ಯವಾದ. ಕೆಲಸ ಯಾವ ಕ್ರಮದಲ್ಲಿ ಶುರು ಮಾಡಬೇಕು? ಈಗ ಅಕ್ಟೋಬರ್.

ಅಬ್ಬಿನೀರು
ಈ ತಿಂಗಳೇ ಹರಿವು ಅಳೆಯಲು ಶುರು ಮಾಡಿ, ಡಿಸೆಂಬರ್‌ನದೂ ಬರೆದಿಡಿ. ನವೆಂಬರ್‌ನಲ್ಲಿ ಸೋಲಾರ್, ಬ್ಯಾಟರಿ ಕೂರಿಸಿ, ಮನೆ ನಡೆಯುತ್ತದೆ. ಗೋಬರ್ ಗ್ಯಾಸ್ ಗುಂಡಿ, ನೀರಿನ ಟ್ಯಾಂಕ್ ಫೆಬ್ರವರಿ-ಮಾರ್ಚ್‌ನಲ್ಲಿ, ಆಗ ನೆಲದ ನೀರು ಇಳಿದಿರುತ್ತದೆ, ಅಗೆದ ಗುಂಡಿಯಲ್ಲಿ ಒರತೆ ಬರುವುದಿಲ್ಲ. ಹಳ್ಳ ಬತ್ತಿದ ಮೇಲೆ ಏಪ್ರಿಲ್‌ನಲ್ಲಿ ಕಟ್ಟ, ತೊಟ್ಟಿ, ಪೈಪ್. ಜೂನ್-ಆಗಸ್ಟ್ ಅಳತೆ ಸಿಗುವವರೆಗೆ ಟರ್ಬೈನ್‌ಗೆ ಮುಂಗಡ ಕೊಡಬೇಡಿ. ಬರುವ ಒಂದು ಮಳೆಗಾಲ ಬರೀ ಸೋಲಾರ್‌ನಲ್ಲಿ ಕಳೆಯುತ್ತದೆ, ಫ್ರಿಜ್ ನಿಲ್ಲಿಸಿದರೆ ದೀಪಕ್ಕೂ ರೂಟರ್‌ಗೂ ಸಾಕು.

ತಂತಿಪೆಟ್ಟಿಗೆ
ಪೈಪ್ ತೋಡು ತೆಗೆಯುವಾಗಲೇ ಪಕ್ಕದಲ್ಲಿ ತಂತಿಗೆ ಬೇರೆ ಕೊಳವೆ ಹೂತುಬಿಡಿ, ಎರಡನೇ ಸಲ ಅಗೆಯುವ ಕೂಲಿ ಉಳಿಯುತ್ತದೆ. ಒಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಿ, ಆಮೇಲೆ ಕೇಬಲ್ ಎಳೆಯಲು ಬೇಕಾಗುತ್ತದೆ.